ಸಲಹೆ ಕೊಡುವವರಿಗೆ ಕೂಲಿ ಯಾರು ಕೊಡುತ್ತಾರೆ?

(ಅಪ್ಸರಕೊಂಡದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತರು ಮಾಡಿದ ಭಾಷಣದ ಪಠ್ಯ)



ಕೆಲವರು ಮೀನಿನ ಬುಟ್ಟಿ ಖಾಲಿ ಮಾಡಿ ಸೀದಾ ಇಲ್ಲಿಗೇ ಬಂದಿದ್ದೀರಿ. ಕೆಲವರು ಜಲಪಾತದ ಹತ್ತಿರದ ಅಂಗಡಿಯನ್ನು ಮಗಳ ಕೈಗೆ ಕೊಟ್ಟು ಬಂದಿದ್ದೀರಿ. ನಿಮ್ಮ ಹೊತ್ತು ಹಾಳು ಮಾಡದೆ ವಿಷಯಕ್ಕೆ ಬರುತ್ತೇವೆ.

ಹೋದ ಸಭೆಯಲ್ಲಿ ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದ್ದರು. "ದುಡ್ಡಿದ್ದವರಿಗೆ ದುಡ್ಡು ಎಲ್ಲಿ ಇಡಬೇಕು ಅಂತ ಹೇಳಲಿಕ್ಕೆ ಸಲಹೆಗಾರರು ಇರ್ತಾರಂತೆ. ನಮಗೆ ಯಾರು ಹೇಳ್ತಾರೆ?" ಆ ದಿನ ನಾವು "ನಾವಿದ್ದೇವಲ್ಲ" ಅಂತ ನಗಾಡಿ ಮಾತು ಮುಗಿಸಿದೆವು. ಮನೆಗೆ ಹೋದ ಮೇಲೆ ಅದು ಸರಿಯಾದ ಉತ್ತರ ಅಲ್ಲ ಅನಿಸಿತು. ಏಕೆಂದರೆ ಒಂದು ಸಲ ನಾವೇ ನಮ್ಮ ಒಂದು ಸಂಘಕ್ಕೆ ಒಬ್ಬ ಸಲಹೆಗಾರರನ್ನು ಕರೆದು ತಂದಿದ್ದೆವು. ಅದರಿಂದ ಆದದ್ದನ್ನು ಇವತ್ತು ಮೊದಲು ಹೇಳಿಬಿಡುತ್ತೇವೆ.

ಏಳೆಂಟು ವರ್ಷದ ಹಿಂದಿನ ಮಾತು. ತಿಂಗಳ ಸಭೆಯಲ್ಲಿ ಉಳಿತಾಯದ ಬಗ್ಗೆ ಉಚಿತವಾಗಿ ಮಾಹಿತಿ ಕೊಡುತ್ತೇನೆ ಎಂದು ಒಬ್ಬರು ಕೇಳಿಕೊಂಡು ಬಂದರು. ನಮಗೂ ಖುಷಿ ಆಯಿತು, ಖರ್ಚಿಲ್ಲದೆ ಒಂದು ತರಬೇತಿ ಆಗುತ್ತದಲ್ಲ ಅಂತ. ಅವರು ಚೆನ್ನಾಗಿಯೇ ಮಾತಾಡಿದರು. ಮಗಳ ಮದುವೆ, ಮಗನ ಓದು, ಗಂಡನಿಗೆ ಏನಾದರೂ ಆದರೆ ಮುಂದೇನು ಅಂತೆಲ್ಲ ಹೇಳಿದಾಗ ಕೆಲವರ ಕಣ್ಣಲ್ಲಿ ನೀರೂ ಬಂತು. ನಾವು ಚಾ ಕೊಟ್ಟು, ಶಾಲು ಹೊದೆಸಿ ಕಳಿಸಿದೆವು. ಮುಂದಿನ ಹದಿನೈದು ದಿನದಲ್ಲಿ ಸಂಘದ ಹನ್ನೊಂದು ಜನ ಅವರ ಹತ್ತಿರ ವಿಮಾ ಪಾಲಿಸಿ ಮಾಡಿಸಿದರು. ಒಬ್ಬೊಬ್ಬರಿಗೆ ವರ್ಷಕ್ಕೆ 12,000 ರೂಪಾಯಿ. ತಿಂಗಳಿಗೆ ಸಾವಿರ ಅಂತ ಕೇಳುವಾಗ ಅದೇನು ದೊಡ್ಡದಲ್ಲ ಅನಿಸಿತ್ತು. ಹದಿನೈದು ವರ್ಷ ಬಿಡದೆ ಕಟ್ಟಬೇಕು ಅಂತ ಅವರು ಹೇಳಿದ್ದರೋ ಇಲ್ಲವೋ, ಈಗ ಯಾರಿಗೂ ನೆನಪಿಲ್ಲ. ಫಾರಂನಲ್ಲಿ ಬರೆದಿತ್ತು, ಆದರೆ ಫಾರಂ ಇಂಗ್ಲಿಷಿನಲ್ಲಿತ್ತು.

ಮರುವರ್ಷ ಕಂತು ಬಿದ್ದದ್ದು ಜುಲೈ ತಿಂಗಳಲ್ಲಿ. ಜುಲೈ ಅಂದರೆ ನಮ್ಮ ಕರಾವಳಿಯಲ್ಲಿ ಎಂತದು ಅಂತ ನಿಮಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿ ಇಲ್ಲದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಬುಟ್ಟಿಯಲ್ಲಿ ವ್ಯಾಪಾರ ಇಲ್ಲ, ಬಿಸಿಲಿಲ್ಲದೆ ಒಣಮೀನೂ ಇಲ್ಲ. ಶಾಲೆ ಶುರುವಾಗಿ ಪುಸ್ತಕ, ಕೊಡೆ, ಫೀಸು ಎಲ್ಲ ಆಗಷ್ಟೇ ಮುಗಿದಿರುತ್ತದೆ. ಹನ್ನೊಂದರಲ್ಲಿ ಏಳು ಜನರಿಗೆ ಕಂತು ಕಟ್ಟಲಿಕ್ಕೆ ಆಗಲಿಲ್ಲ. ಆಗಿನ ನಿಯಮದಂತೆ ಒಂದೇ ವರ್ಷ ಕಟ್ಟಿ ಬಿಟ್ಟವರಿಗೆ ವಾಪಸ್ ಏನೂ ಇರಲಿಲ್ಲ. (2024ರ ಅಕ್ಟೋಬರ್‌ನಿಂದ ಇದು ಸ್ವಲ್ಪ ಬದಲಾಗಿದೆ. ಆ ಮೇಲೆ ಮಾಡಿಸಿದ ಇಂಥ ಪಾಲಿಸಿಗಳಲ್ಲಿ ಒಂದು ವರ್ಷದ ಪೂರ್ತಿ ಕಂತು ಕಟ್ಟಿದವರಿಗೂ ಸ್ವಲ್ಪ ಹಣ ಸಿಗುವ ಏರ್ಪಾಡು ಇದೆ.) ಏಳು ಜನರ 12,000 ಅಂದರೆ 84,000 ರೂಪಾಯಿ. ಇಪ್ಪತ್ತು ಜನರ ಸಂಘದಲ್ಲಿ ವಾರಕ್ಕೆ 20 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ 20,800 ಆಗುತ್ತದೆ. ಇಡೀ ಸಂಘದ ನಾಲ್ಕು ವರ್ಷದ ಉಳಿತಾಯದಷ್ಟು ಹಣ ಹೀಗೆ ಹೋಯಿತು.

ಆ ಮನುಷ್ಯ ಸುಳ್ಳುಗಾರ ಅಂತ ನಾವು ಹೇಳುವುದಿಲ್ಲ. ಅವರು ಕಾನೂನು ಪ್ರಕಾರ ಲೈಸೆನ್ಸ್ ಇದ್ದ ಏಜೆಂಟರು, ಮಾಡಿದ್ದು ಅವರ ಕೆಲಸ. ತಪ್ಪಿದ್ದು ನಾವು. ಪೇಟೆಯಿಂದ ಬೈಕಿಗೆ ಪೆಟ್ರೋಲ್ ಹಾಕಿಕೊಂಡು, ಮಧ್ಯಾಹ್ನದ ಊಟ ಬಿಟ್ಟು, ಎರಡು ಗಂಟೆ ನಿಮಗೆ ಪಾಠ ಮಾಡಿದರಲ್ಲ, ಆ ಕೆಲಸಕ್ಕೆ ಅವರಿಗೆ ಕೂಲಿ ಯಾರು ಕೊಟ್ಟರು? ನಾವು ಕೊಡಲಿಲ್ಲ, ನೀವೂ ಕೊಡಲಿಲ್ಲ. ಇದನ್ನು ನಾವು ಆವಾಗ ಕೇಳಲೇ ಇಲ್ಲ. ಮೊದಲ ವರ್ಷದ ಕಂತಿನಲ್ಲಿ ಕಾಲು ಭಾಗದಷ್ಟು, ಅದಕ್ಕಿಂತ ಹೆಚ್ಚೂ, ಏಜೆಂಟರ ಪಾಲಿಗೆ ಹೋಗುವ ಪಾಲಿಸಿಗಳಿವೆ. ಹನ್ನೊಂದು ಜನರ 12,000 ಅಂದರೆ 1,32,000. ಅದರ ಕಾಲು ಭಾಗ 33,000. ಅವರಿಗೆ ಇಷ್ಟೇ ಬಂತು ಅಂತ ನಾವು ಹೇಳಲಾರೆವು, ಇದು ನಾವು ಆಮೇಲೆ ಕುಳಿತು ಹಾಕಿದ ಲೆಕ್ಕ. ಉಚಿತ ಅಂದುಕೊಂಡ ಭಾಷಣಕ್ಕೆ ನೀವೇ ಕೂಲಿ ಕೊಟ್ಟಿದ್ದಿರಿ, ಎಷ್ಟು ಅಂತ ಮಾತ್ರ ಗೊತ್ತಿರಲಿಲ್ಲ.

ಕಮಿಷನ್ ತೆಗೆದುಕೊಳ್ಳುವುದು ಪಾಪ ಅಂತಲ್ಲ. ನಮ್ಮ ಕಡೆಯಲ್ಲಿ ಅದು ಹೊಸ ವಿಷಯವೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎತ್ತಿಕೊಂಡು ಹೋಗುತ್ತಿದ್ದ. ಆ ಏಜೆಂಟನಿಗೂ ಕಮಿಷನ್ನೇ. ಆದರೂ ನಮ್ಮ ಅಜ್ಜಿಯಂದಿರ ಕಾಲದವರು ಪಿಗ್ಮಿಯಿಂದ ಹಾಳಾಗಲಿಲ್ಲ, ಮನೆ ಕಟ್ಟಿಸಿದರು, ಮಕ್ಕಳನ್ನು ಓದಿಸಿದರು. ಏಕೆಂದರೆ ಅಲ್ಲಿ ಏಜೆಂಟನ ಲಾಭವೂ ನಮ್ಮ ಲಾಭವೂ ಒಂದೇ ದಿಕ್ಕಿನಲ್ಲಿತ್ತು. ನಾವು ದಿನಾ ಕಟ್ಟಿದರೆ ಮಾತ್ರ ಅವನಿಗೆ ದಿನಾ ಏನಾದರೂ ಸಿಗುತ್ತಿತ್ತು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನುವ ಶಬ್ದ ಮಾತ್ರ ನಮ್ಮ ಬಾಯಲ್ಲಿ ಇನ್ನೂ ಇದೆ. ಹಾಗಾಗಿ ಕಮಿಷನ್ ಇದೆಯಾ ಅಂತ ಕೇಳುವುದಕ್ಕಿಂತ, ಕಮಿಷನ್ ಯಾವಾಗ ಸಿಗುತ್ತದೆ ಅಂತ ಕೇಳಿ. ಮೊದಲ ವರ್ಷವೇ ದೊಡ್ಡ ಪಾಲು ಸಿಕ್ಕಿಬಿಟ್ಟರೆ, ಎರಡನೇ ವರ್ಷ ನೀವು ಕಟ್ಟಿದರೆಷ್ಟು, ಬಿಟ್ಟರೆಷ್ಟು?

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ದುಡ್ಡಿದ್ದವರ ಸಲಹೆಗಾರರು ಯಾರು? ಅವರಲ್ಲೂ ಎರಡು ಬಗೆ ಇದೆ, ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಒಂದು ಬಗೆಯವರು ಮಾರುವವರು: ವಿಮೆಯ ಏಜೆಂಟರು, ಮ್ಯೂಚುವಲ್ ಫಂಡ್ ವಿತರಕರು, ಬ್ಯಾಂಕಿನ ಕೌಂಟರಿನಲ್ಲಿ ಕುಳಿತು "ಮೇಡಂ, ಎಫ್‌ಡಿ ಬದಲು ಇದಕ್ಕೆ ಹಾಕಿ" ಅನ್ನುವವರು. (ಪಾಪ, ಆ ಹುಡುಗಿಗೂ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ.) ಎರಡನೆಯ ಬಗೆಯವರು ಬರೀ ಸಲಹೆಗೆ ಶುಲ್ಕ ತೆಗೆದುಕೊಳ್ಳುವವರು. ಇವರಿಗೆ ನೋಂದಾಯಿತ ಹೂಡಿಕೆ ಸಲಹೆಗಾರರು ಅಂತ ಹೆಸರು. ಸೆಬಿ, ಅಂದರೆ ಷೇರು ಪೇಟೆಯನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ, 2013ರಲ್ಲಿ ಇವರಿಗೆಂದು ನಿಯಮ ಮಾಡಿತು. ಇವರು ನಿಮ್ಮ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ನಿಮ್ಮ ಆದಾಯ, ಸಾಲ, ಎಷ್ಟು ನಷ್ಟ ತಾಳಬಲ್ಲಿರಿ ಎಂಬುದನ್ನು ಮೊದಲು ವಿಚಾರಿಸಬೇಕು. ನಿಮ್ಮಿಂದ ಶುಲ್ಕ ತೆಗೆದುಕೊಂಡ ಮೇಲೆ, ನಿಮಗೆ ಹೇಳಿದ ಯೋಜನೆಯ ಕಂಪನಿಯಿಂದ ಕಮಿಷನ್ ಪಡೆಯುವಂತಿಲ್ಲ. ಶುಲ್ಕವನ್ನೂ ನಗದಾಗಿ ತೆಗೆದುಕೊಳ್ಳುವಂತಿಲ್ಲ, ಬ್ಯಾಂಕ್ ಮೂಲಕವೇ ಆಗಬೇಕು. ಅವರ ನೋಂದಣಿ ಸಂಖ್ಯೆ ಐಎನ್ಎ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ, ಸೆಬಿಯ ವೆಬ್‌ಸೈಟಿನಲ್ಲಿ ಹೆಸರು ಇದೆಯೋ ಇಲ್ಲವೋ ನೋಡಬಹುದು. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳ ಕೈಯಲ್ಲಿ ನೋಡಿಸಿ. 2020ರಲ್ಲಿ ಇನ್ನೊಂದು ನಿಯಮ ಬಂತು. ಫಂಡ್ ವಿತರಿಸುವವರು ನೋಂದಣಿ ಇಲ್ಲದೆ ತಮ್ಮನ್ನು ಸ್ವತಂತ್ರ ಸಲಹೆಗಾರ, ಸಂಪತ್ತು ಸಲಹೆಗಾರ ಅಂತೆಲ್ಲ ಕರೆದುಕೊಳ್ಳುವಂತಿಲ್ಲ.

ಇಂಥ ನೋಂದಾಯಿತರು ಇಡೀ ದೇಶದಲ್ಲಿ ಸಾವಿರದ ಆಸುಪಾಸಿನಲ್ಲಷ್ಟೇ ಇದ್ದಾರೆ, ಹೆಚ್ಚಿನವರು ದೊಡ್ಡ ಶಹರಗಳಲ್ಲಿ. ಅವರ ಶುಲ್ಕ ಸಾವಿರಗಳ ಲೆಕ್ಕದಲ್ಲಿ. ತಿಂಗಳಿಗೆ ಐನೂರು ಉಳಿಸುವವರು ಅವರ ಹತ್ತಿರ ಹೋಗುವುದು, ಹಲ್ಲಿನ ನೋವಿಗೆ ಮಣಿಪಾಲಕ್ಕೆ ಕಾರು ಮಾಡಿಕೊಂಡು ಹೋದ ಹಾಗೆ. ಹಾಗಾದರೆ ನಮಗೆ ಇವರು ಬೇಡವೇ ಬೇಡವಾ? ಬೇಕಾಗುವ ದಿನ ಒಂದಿದೆ.

ಅದು ಗಂಟು ಹಣ ಬರುವ ದಿನ. ಹೊನ್ನಾವರ, ಕುಮಟಾ, ಭಟ್ಕಳದವರು ಇದನ್ನು ಎರಡು ಸಲ ಕಂಡಿದ್ದೇವೆ. ತೊಂಬತ್ತರ ದಶಕದಲ್ಲಿ ಕೊಂಕಣ ರೈಲ್ವೆಗೆ ಜಾಗ ಹೋಯಿತು. ಆಮೇಲೆ ನಾವು ಹದಿನೇಳು ಅನ್ನುತ್ತಿದ್ದ ಹೆದ್ದಾರಿ 66 ಆಗಿ, ಚತುಷ್ಪಥವಾಗುವಾಗ ಮನೆ, ಅಂಗಡಿ, ತೆಂಗಿನ ಮರ ಹೋದವು. ಪರಿಹಾರದ ಹಣ ಖಾತೆಗೆ ಬಂತು. ಜೀವನದಲ್ಲಿ ಐದು ಸಾವಿರವನ್ನು ಒಟ್ಟಿಗೆ ನೋಡದವರ ಪಾಸ್ ಬುಕ್ಕಿನಲ್ಲಿ ಐದಾರು ಲಕ್ಷ. ಆ ಮನೆಗೆ ಮೊದಲು ಬಂದವರು ಯಾರು? ನೆಂಟರು, ಕಾರು ಮಾರುವವರು, ಪಾಲಿಸಿಯವರು, ಸೈಟಿನವರು. ಗಂಡ ತೀರಿಹೋಗಿ ವಿಮೆ ಹಣ ಬಂದಾಗಲೂ ಹೀಗೇ, ಗಲ್ಫಿನಿಂದ ಮಗ ಕೆಲಸ ಬಿಟ್ಟು ಬಂದಾಗಲೂ ಹೀಗೇ. ನಮ್ಮ ಪರಿಚಯದ ಒಬ್ಬ ವಿಧವೆ ತಂಗಿ "ಒಂದು ಸಲ ಲಕ್ಷ ಹಾಕಿದರೆ ಸಾಕು" ಅಂದುಕೊಂಡು ಸಹಿ ಹಾಕಿದ್ದಳು. ಮರುವರ್ಷ ಮತ್ತೆ ಒಂದು ಲಕ್ಷ ಕಟ್ಟಿ ಅಂತ ಮೆಸೇಜು ಬಂದಾಗ ಅವಳಿಗೆ ಕೈಕಾಲು ಬಿದ್ದುಹೋಯಿತು. ಅವಳು ಎಫ್‌ಡಿ ಅಂದುಕೊಂಡದ್ದು ವರ್ಷ ವರ್ಷ ಕಟ್ಟಬೇಕಾದ ಪಾಲಿಸಿಯಾಗಿತ್ತು.

ಗಂಟು ಹಣ ಬಂದರೆ ನಾವು ಹೇಳುವುದು ಇಷ್ಟೆ. ಆರು ತಿಂಗಳು ಏನೂ ಮಾಡಬೇಡಿ. ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ ಸುಮ್ಮನೆ ಕೂತುಕೊಳ್ಳಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಠೇವಣಿಗೆ, ಬಡ್ಡಿಯೂ ಸೇರಿ, 5 ಲಕ್ಷದ ವರೆಗೆ ವಿಮೆಯ ರಕ್ಷಣೆ ಇದೆ. ಮೊದಲು 1 ಲಕ್ಷ ಇತ್ತು, 2020ರ ಫೆಬ್ರವರಿಯಲ್ಲಿ ಏರಿಸಿದರು. ಅದಕ್ಕಿಂತ ಹೆಚ್ಚಿದ್ದರೆ ಎರಡು ಬ್ಯಾಂಕಿಗೆ ಹಂಚಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಈ ರಕ್ಷಣೆ ಸಹಕಾರಿ ಬ್ಯಾಂಕುಗಳಿಗೆ ಇದೆ, ಆದರೆ ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಪ್ರಾಮಾಣಿಕವಾಗಿ ನಡೆಯುವ ಸೊಸೈಟಿಗಳು ಬೇಕಾದಷ್ಟಿವೆ, ನಾವೂ ಸದಸ್ಯರೇ. ಆದರೂ ಅರ್ಧ ಪರ್ಸೆಂಟು ಬಡ್ಡಿ ಹೆಚ್ಚು ಅಂತ ಪರಿಹಾರದ ಹಣ ಪೂರ್ತಿ ಒಂದೇ ಸೊಸೈಟಿಯಲ್ಲಿ ಇಡಬಾರದು. ತಿಂಗಳ ಖರ್ಚಿಗೆ ಬೇಕು ಅನ್ನುವವರಿಗೆ ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆ ಇದೆ. ಬಡ್ಡಿ ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ನೂರಕ್ಕೆ 7.40 ಇರುವಾಗ 6 ಲಕ್ಷ ಇಟ್ಟವರಿಗೆ ತಿಂಗಳಿಗೆ 3,700 ಬರುತ್ತದೆ, ಐದು ವರ್ಷ ಆದ ಮೇಲೆ ಅಸಲು ಪೂರ್ತಿ ವಾಪಸ್. ಗಂಟು ಇನ್ನೂ ದೊಡ್ಡದಿದ್ದರೆ, ಇಪ್ಪತ್ತು ಮೂವತ್ತು ಲಕ್ಷದ ಮಾತಾದರೆ, ಆವಾಗ ಆ ನೋಂದಾಯಿತ ಸಲಹೆಗಾರರಿಗೆ ಕೆಲವು ಸಾವಿರ ಕೊಟ್ಟು ಕೇಳುವುದು ನಷ್ಟ ಅಲ್ಲ. ಮನೆ ಕಟ್ಟುವಾಗ ಇಂಜಿನಿಯರಿಗೆ ಕೊಡುವುದಿಲ್ಲವಾ? ಅದೂ ಹೀಗೆಯೇ.

ಉಳಿದ ದಿನಗಳಿಗೆ ಏನು? ನಿಜ ಹೇಳಬೇಕೆಂದರೆ ಶಹರದ ಸಲಹೆಗಾರರ ಹತ್ತಿರ ಹೋದರೂ ಮೊದಲ ದಿನ ಅವರು ಕೇಳುವುದು, ನಿಮ್ಮ ಸಂಘದ ಪುಸ್ತಕದಲ್ಲಿ ನೀವು ಬರೆಯುವುದನ್ನೇ: ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಸಾಲ ಎಷ್ಟು, ಯಾವ ಬಡ್ಡಿಗೆ. ಸಂಘದ ಲೆಕ್ಕ ಪೈಸೆ ಪೈಸೆ ಬರೆಯುವ ನಾವು ಮನೆಯ ಲೆಕ್ಕ ಬರೆಯುವುದಿಲ್ಲ, ಎಂತಕ್ಕೋ ಗೊತ್ತಿಲ್ಲ. ನಲವತ್ತು ಪುಟದ ಒಂದು ನೋಟ್ ಬುಕ್ ಸಾಕು.

ಅದರಲ್ಲಿ ಮೊದಲ ಪುಟ ಮಳೆಗಾಲದ್ದು. ಮನೆ ಖರ್ಚು ತಿಂಗಳಿಗೆ 9,000 ಅಂದರೆ ಜೂನ್, ಜುಲೈಗೆ 18,000 ಬೇಕು. ಅಷ್ಟು ಹಣ ಆಗಸ್ಟಿನಿಂದ ಮೇ ವರೆಗಿನ ಹತ್ತು ತಿಂಗಳಲ್ಲಿ ತಿಂಗಳಿಗೆ 1,800ರಂತೆ ಬದಿಗೆ ಬಿದ್ದಿರಬೇಕು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಎಷ್ಟೋ ಮನೆಗಳಲ್ಲಿ ತಿಂಗಳ 2,000 ಈ ಕೆಲಸಕ್ಕೆ ಒದಗಿದೆ, ಬರುವ ದಿನ ಹೆಚ್ಚುಕಮ್ಮಿ ಆದರೂ. ಈ ಗಂಟಿಲ್ಲದೆ ಯಾವ ಪಾಲಿಸಿಗೂ ಸಹಿ ಹಾಕಬೇಡಿ. ಆ ಏಳು ಜನರಿಗೆ ಆದದ್ದು ಇದೇ. ಪಾಲಿಸಿ ಒಳ್ಳೆಯದೋ ಕೆಟ್ಟದೋ ಅದು ಬೇರೆ ಮಾತು, ಜುಲೈ ತಿಂಗಳಿಗೆ ಅವರ ಹತ್ತಿರ ದುಡ್ಡಿರಲಿಲ್ಲ.

ಎರಡನೇ ಪುಟ ಸಾಲದ್ದು. ನಮ್ಮಲ್ಲಿ ಒಂದು ವಿಚಿತ್ರ ನೋಡುತ್ತೇವೆ. ಒಂದು ಕೈಯಲ್ಲಿ ಮೈಕ್ರೋ ಫೈನಾನ್ಸಿನಿಂದ ನೂರಕ್ಕೆ 24 ಬಡ್ಡಿಯ ಸಾಲ, ಇನ್ನೊಂದು ಕೈಯಲ್ಲಿ ಐದಾರು ಪರ್ಸೆಂಟು ಬೆಳೆಯುವ ಉಳಿತಾಯದ ಪಾಲಿಸಿ. 24ರ ಸಾಲ ತೀರಿಸಿದರೆ ಅದೇ 24 ಗಳಿಸಿದ ಹಾಗೆ, ಅಷ್ಟು ಕೊಡುವ ಹೂಡಿಕೆ ಯಾವ ಸಲಹೆಗಾರನ ಹತ್ತಿರವೂ ಇಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಇಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡುವಂತೆಯೂ ಇಲ್ಲ. ವಸೂಲಿಗೆ ಬಂದು ಪೀಡಿಸಿದರೆ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದು ಅದನ್ನು ಶಿಕ್ಷೆಯ ಅಪರಾಧ ಮಾಡಿದೆ. ಹೆದರಿ ಮನೆ ಬಾಗಿಲು ಹಾಕಿಕೊಳ್ಳುವ ಬದಲು ಸಂಘದಲ್ಲಿ ಹೇಳಿ.

ಆಮೇಲೆ ವಿಮೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗೆ ಏನಾದರೂ ಮನೆಗೆ ಒಂದು ಆಧಾರ ಬೇಕು. ಅದಕ್ಕೆ ಏಜೆಂಟರೂ ಬೇಡ. 2015ರಲ್ಲಿ ಬಂದ ಜೀವನ ಜ್ಯೋತಿ ವಿಮೆಗೆ ಈಗ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ, ಎರಡಕ್ಕೂ ತಲಾ 2 ಲಕ್ಷ. ಒಟ್ಟು 456, ಅಂದರೆ ವಾರಕ್ಕೆ 9 ರೂಪಾಯಿಯೂ ಆಗಲಿಲ್ಲ. ಮೊದಲನೆಯದಕ್ಕೆ 18ರಿಂದ 50 ವರ್ಷದ ಒಳಗೆ ಸೇರಬೇಕು, ಎರಡನೆಯದು 70ರ ವರೆಗೆ. ಮೇ ತಿಂಗಳ ಕೊನೆಗೆ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಆ ವಾರ ಖಾತೆ ಖಾಲಿ ಇದ್ದರೆ ವಿಮೆ ನಿಂತುಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಜೀವನ ಜ್ಯೋತಿಯಲ್ಲಿ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ. ಇದರಲ್ಲಿ ಕೊನೆಗೆ ವಾಪಸ್ ಏನೂ ಬರುವುದಿಲ್ಲ, ನಿಜ. ಅದಕ್ಕೇ ಇದು ಇಷ್ಟು ಅಗ್ಗ. ಇದನ್ನು ಯಾರೂ ಸಂಘಕ್ಕೆ ಬಂದು ಎರಡು ಗಂಟೆ ವಿವರಿಸುವುದಿಲ್ಲ, ಎಂತಕ್ಕೆ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ಹತ್ತು ವರ್ಷದ ಒಳಗಿನ ಹೆಣ್ಣು ಮಗು ಇದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ. ವರ್ಷಕ್ಕೆ 250 ಕಟ್ಟಿದರೂ ಖಾತೆ ಜೀವಂತ ಇರುತ್ತದೆ, ಕೈ ಬಿಡುವಾದ ವರ್ಷ ಹೆಚ್ಚು ಕಟ್ಟಬಹುದು. ನಮ್ಮಂಥ ಏರಿಳಿತದ ಆದಾಯಕ್ಕೆ ಇದೇ ಅದರ ದೊಡ್ಡ ಗುಣ. ಮುಪ್ಪಿಗೆ ಅಟಲ್ ಪಿಂಚಣಿ. 40 ದಾಟಿದವರಿಗೆ ಇಲ್ಲ, ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ. 30ನೇ ವಯಸ್ಸಿನಲ್ಲಿ ಸೇರಿದವರು 60ರ ನಂತರ ತಿಂಗಳಿಗೆ 1,000 ಬೇಕೆಂದರೆ ತಿಂಗಳಿಗೆ 116, 5,000 ಬೇಕೆಂದರೆ 577 ಕಟ್ಟುತ್ತಾ ಬರಬೇಕು. ಆ 5,000ಕ್ಕೆ ಮೂವತ್ತು ವರ್ಷದ ನಂತರ ಎಷ್ಟು ಅಕ್ಕಿ ಬರುತ್ತದೆ ಅಂತ ಕೇಳಿದರೆ, ಇವತ್ತಿನಷ್ಟು ಬರುವುದಿಲ್ಲ ಎಂದೇ ಹೇಳಬೇಕು. ಏನೂ ಇಲ್ಲದಿರುವುದಕ್ಕಿಂತ ಮೇಲು, ಅಷ್ಟೆ.

ಇನ್ನು "ಡಬ್ಬಲ್" ಮಾಡಿಕೊಡುವವರ ವಿಷಯ. ಒಂದು ಸಣ್ಣ ಲೆಕ್ಕ ಕಲಿಯಿರಿ. 72ನ್ನು ಬಡ್ಡಿಯಿಂದ ಭಾಗಿಸಿದರೆ ಹಣ ಎರಡು ಪಟ್ಟಾಗಲು ಹೆಚ್ಚುಕಮ್ಮಿ ಎಷ್ಟು ವರ್ಷ ಬೇಕೆಂದು ಸಿಗುತ್ತದೆ. ಬ್ಯಾಂಕಿನ 7 ಪರ್ಸೆಂಟಿಗೆ ಹತ್ತು ವರ್ಷ. 12ಕ್ಕೆ ಆರು ವರ್ಷ. ಮೂರು ವರ್ಷದಲ್ಲಿ ಡಬ್ಬಲ್ ಅನ್ನುವವನು 24 ಪರ್ಸೆಂಟು ಕೊಡುತ್ತೇನೆ ಅಂದ ಹಾಗೆ. ನಮಗೆ ಸಾಲ ಕೊಡುವ ಕಂಪನಿಯೇ ಸುಮಾರು ಅಷ್ಟು ಬಡ್ಡಿಗೆ ವಸೂಲಿ ಮಾಡಲಿಕ್ಕೆ ಪರದಾಡುತ್ತದೆ. ಇವನು ಅದನ್ನು ಸುಮ್ಮನೆ ಕೂತು ಕೊಡುತ್ತಾನಾ?

2019ರ ಜೂನಿನಲ್ಲಿ ಬೆಂಗಳೂರಿನಲ್ಲಿ ಐಎಂಎ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಹತ್ತಾರು ಸಾವಿರ ಜನ ದೂರು ಕೊಡಲು ಸಾಲು ನಿಂತರು. ಚಿನ್ನ ಮಾರಿ ಹಾಕಿದ ಹೆಂಗಸರು, ಮಗಳ ಮದುವೆಗೆ ಇಟ್ಟಿದ್ದನ್ನು ಹಾಕಿದವರು ಆ ಸಾಲಿನಲ್ಲಿದ್ದರು. ಆ ಕಂಪನಿಯ ಪೂರ್ತಿ ಹೆಸರು ಐ ಮಾನಿಟರಿ ಅಡ್ವೈಸರಿ. ಹೆಸರಿನಲ್ಲೇ ಸಲಹೆ ಇತ್ತು! ಅದಕ್ಕೂ ಮೊದಲು ಪಿಎಸಿಎಲ್ ಎಂಬ ಕಂಪನಿ ಜಮೀನಿನ ಹೆಸರಲ್ಲಿ ದೇಶದ ಹಳ್ಳಿ ಹಳ್ಳಿಯಿಂದ ಹಣ ಎತ್ತಿತ್ತು. 2014ರ ಆಗಸ್ಟಿನಲ್ಲಿ ಸೆಬಿ 49,100 ಕೋಟಿ ವಾಪಸ್ ಕೊಡಿ ಎಂದು ಆದೇಶ ಮಾಡಿತು. ಹಣ ಹಾಕಿದವರು ಕೋಟಿಗಟ್ಟಲೆ ಜನ. ಅವರನ್ನು ಸೇರಿಸಿದ್ದು ಯಾರೋ ದೂರದವರಲ್ಲ, ಭಾವ, ಚಿಕ್ಕಪ್ಪ, ಪಕ್ಕದ ಮನೆಯ ಮಾಸ್ತರು. ಅವರೂ ಕಮಿಷನ್ನಿಗೆ ಕೆಲಸ ಮಾಡಿದವರು, ಅವರ ಸ್ವಂತ ಹಣವೂ ಅದರಲ್ಲೇ ಮುಳುಗಿತು.

ಹಾಗಾಗಿ ಪರಿಚಯದವರು ಬಂದಾಗಲೇ ಕಷ್ಟ. ಮುಖ ಮುರಿಯಲಿಕ್ಕೆ ಆಗುವುದಿಲ್ಲ. ನಮ್ಮ ಒಬ್ಬ ಸದಸ್ಯೆ ಇದನ್ನು ನಿಭಾಯಿಸಿದ್ದನ್ನು ಹೇಳುತ್ತೇವೆ. ಅವರ ಮೈದುನನೇ ಏಜೆಂಟ್. ಚಾ ಕುಡಿಸಿ ಕೇಳಿದರಂತೆ:

"ತಮ್ಮಾ, ಇದು ಮಾಡಿಸಿದರೆ ನಿಂಗೆ ಎಷ್ಟು ಸಿಗ್ತದೆ?"

"ಅತ್ತಿಗೆ, ಅದೆಲ್ಲ ಎಂತಕ್ಕೆ ಈಗ?"

"ಸಿಗಲಿ ಮಾರಾಯಾ, ಬೇಡ ಅಂದ್ನಾ ನಾನು? ಎಷ್ಟು ಅಂತ ಹೇಳು. ಎರಡು ವರ್ಷಕ್ಕೆ ನಾ ಬಿಟ್ಟರೆ ನಂಗೆಷ್ಟು ವಾಪಸ್ಸು, ಅದನ್ನೂ ಈ ಕಾಗದದ ಮೇಲೆ ಕನ್ನಡದಲ್ಲಿ ಬರೆದು ಸಹಿ ಹಾಕು. ನಾ ಸಂಘದಲ್ಲಿ ತೋರಿಸಿ ಮುಂದಿನ ವಾರ ಹೇಳ್ತೆ."

ಅವನು ಬರೆಯಲಿಲ್ಲ, ಚಾ ಮುಗಿಸಿ ಹೋದ. ಸಂಬಂಧವೇನೂ ಕೆಡಲಿಲ್ಲ, ಹಬ್ಬಕ್ಕೆ ಬಂದು ಉಂಡು ಹೋಗಿದ್ದಾನೆ. "ಸಂಘದಲ್ಲಿ ಕೇಳಿ ಹೇಳ್ತೇನೆ" ಅನ್ನುವ ಮಾತು ಮುಂಚೆ "ಗಂಡನ ಹತ್ತಿರ ಕೇಳಿ ಹೇಳ್ತೇನೆ" ಅಂತ ಇತ್ತು. ಅದು ಬದಲಾದದ್ದು ನಮಗೆ ಸಂತೋಷವೇ.

ಈಗಾಗಲೇ ಸಹಿ ಹಾಕಿಯಾಗಿದ್ದರೆ? ವಿಮಾ ಪಾಲಿಸಿಯ ಕಾಗದ ಕೈಗೆ ಬಂದ 30 ದಿನದ ಒಳಗೆ ಬೇಡ ಅಂತ ಬರೆದು ಕೊಟ್ಟರೆ, ಸಣ್ಣ ಖರ್ಚುಗಳನ್ನು ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡಲೇಬೇಕು. 2024ರ ಮೊದಲು ಹೆಚ್ಚಿನ ಪಾಲಿಸಿಗಳಿಗೆ ಈ ಅವಧಿ 15 ದಿನ ಮಾತ್ರ ಇತ್ತು. ಆ ಹನ್ನೊಂದು ಜನರಿಗೂ ಆ 15 ದಿನ ಇತ್ತು ಅನ್ನುವುದು ನಮಗೆ ಗೊತ್ತಾದದ್ದು ಮೂರು ವರ್ಷ ಕಳೆದ ಮೇಲೆ. ಬ್ಯಾಂಕಿನವರ ಮೇಲಿನ ದೂರಿಗೆ ಬ್ಯಾಂಕಿನಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಮೊಬೈಲಿನಲ್ಲಿ ಷೇರು ಕಲಿಸುತ್ತೇವೆ ಅಂತ ಗುಂಪಿಗೆ ಸೇರಿಸಿ ಹಣ ಎತ್ತಿದ್ದರೆ ತಡ ಮಾಡದೆ 1930. ಈ ಎರಡೂ ನಂಬರುಗಳನ್ನು ನಿರ್ಣಯ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಇವತ್ತೇ ಬರೆದುಕೊಳ್ಳಿ.

ಮುಂದಿನ ತಿಂಗಳ ಸಭೆಗೆ ಜಿಲ್ಲೆಯ ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದ ಸಲಹೆಗಾರರನ್ನು ಕೇಳಿಕೊಳ್ಳುತ್ತೇವೆ. ಅವರು ಯಾವ ಯೋಜನೆಯನ್ನೂ ಮಾರುವವರಲ್ಲ, ಅವರ ಸಂಬಳ ಬ್ಯಾಂಕಿನ ಕಡೆಯಿಂದ. ಆದರೂ ಬಂದ ಕೂಡಲೇ ಅವರಿಗೂ ಅದೇ ಪ್ರಶ್ನೆ ಕೇಳಿ, ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಬರುವಾಗ ಮನೆಯಲ್ಲಿರುವ ಎಲ್ಲಾ ಪಾಲಿಸಿ ಬಾಂಡುಗಳನ್ನು, ಠೇವಣಿ ರಶೀದಿಗಳನ್ನು ತನ್ನಿ. ಟ್ರಂಕಿನ ತಳದಲ್ಲಿರುವುದನ್ನೂ ಬಿಡಬೇಡಿ. ನಾಮಿನಿ ಯಾರ ಹೆಸರಿದೆ ಅಂತ ಒಂದೊಂದಾಗಿ ನೋಡೋಣ, ತೀರಿಹೋದ ಅತ್ತೆಯ ಹೆಸರು ಹಾಗೇ ಉಳಿದಿರುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಬಾಂಡ್ ಸಿಗದವರು ಕಂತು ಕಟ್ಟಿದ ಒಂದು ರಶೀದಿಯನ್ನಾದರೂ ತನ್ನಿ, ಪಾಲಿಸಿ ನಂಬರು ಅದರ ಮೇಲೆ ಇರುತ್ತದೆ.